ಗಲ್ಲಾದಿಂದ ನಲ್ಲಿಯವರೆಗೆ: ಕೀಲ್ಪಾಕಿನ ದಾರಿ ಮತ್ತು ಉಡುಪಿ ಹೋಟೆಲಿನ ಒಳಾಂಗಣ

ಮದರಾಸಿನ ಸೆಂಟ್ರಲ್ ರೈಲು ನಿಲ್ದಾಣದ ಬಳಿಯಿಂದ ಪಶ್ಚಿಮಕ್ಕೆ ಹೊರಡುವ ಪೂನಮಲ್ಲಿ ಹೈರೋಡ್, ವೇಪೇರಿ ಮತ್ತು ಎಗ್ಮೋರುಗಳ ನಡುವೆ ಹಾದು ಕೀಲ್ಪಾಕಿನ ದಕ್ಷಿಣದ ಅಂಚನ್ನು ಮುಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಅಧಿಕಾರಿಗಳ ತೋಟಮನೆಗಳಿಗೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರಕ್ಕೆಲ್ಲ ನೀರು ಹಂಚುವ ಜಲಾಗಾರಕ್ಕೆ, ಸ್ವಾತಂತ್ರ್ಯದ ನಂತರ ಉಡುಪಿ ಮೂಲದ ಕೆ. ಸೀತಾರಾಮ ರಾಯರ ದಾಸಪ್ರಕಾಶ ಹೋಟೆಲಿಗೆ ಈ ದಾರಿ ಮತ್ತು ಅದರ ಆಸುಪಾಸು ನೆಲೆಯಾದವು. ಆದ್ದರಿಂದಲೇ ಕನ್ನಡ ಕರಾವಳಿಯ ಒಂದು ಕಸುಬಿನ ಚರಿತ್ರೆಯನ್ನು ಬಿಡಿಸಿ ನೋಡುವುದಕ್ಕೆ ಇದು ತಕ್ಕ ಸ್ಥಳ. ಉಡುಪಿ ಹೋಟೆಲುಗಳ ದೋಸೆ, ಸಾಂಬಾರು, ಕಾಫಿಗಳ ಬಗ್ಗೆ ಬರೆದವರು ಬಹಳ ಮಂದಿಯಿದ್ದಾರೆ. ಆ ದೋಸೆಯನ್ನು ತಿನ್ನುವ ಕೋಣೆ ಹೇಗೆ ರೂಪುಗೊಂಡಿತು, ಮೊದಲ ಸಲ ಒಳಹೊಕ್ಕ ಅಪರಿಚಿತನಿಗೆ ಎಲ್ಲಿ ಕೂರಬೇಕು, ಎಲ್ಲಿ ಕೈ ತೊಳೆಯಬೇಕು, ಎಲ್ಲಿ ಹಣ ಕೊಡಬೇಕು ಎಂಬುದು ಯಾರೂ ಹೇಳದೆಯೇ ತಿಳಿಯುವಂತೆ ಅದು ಹೇಗೆ ಏರ್ಪಟ್ಟಿತು ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ.

ಬಳಸುವವನಿಗೆ ಸೂಚನೆ ಬೇಡದ ವಸ್ತುಗಳನ್ನೂ ಕೋಣೆಗಳನ್ನೂ ಕುರಿತ ಶಾಸ್ತ್ರೀಯ ಚರ್ಚೆ ಪಶ್ಚಿಮದಲ್ಲಿ ಬೆಳೆದದ್ದು ಇತ್ತೀಚೆಗೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ 1970ರ ದಶಕದಲ್ಲಿ, ಪ್ರಾಣಿಗೆ ತನ್ನ ಸುತ್ತಣ ಲೋಕ ಕೇವಲ ಆಕಾರಗಳಾಗಿ ಕಾಣದೆ, ಮಾಡಬಹುದಾದ ಕ್ರಿಯೆಗಳಾಗಿ ಕಾಣುತ್ತದೆ ಎಂದು ವಾದಿಸಿದರು. ಮೊಣಕಾಲಿನ ಎತ್ತರದ ಚಪ್ಪಟೆ ಕಲ್ಲು ಕೂರುವುದಕ್ಕೆ ಕರೆಯುತ್ತದೆ, ಹಿಡಿಗಾತ್ರದ ಕೋಲು ಹಿಡಿಯುವುದಕ್ಕೆ ಕರೆಯುತ್ತದೆ. ಡೊನಾಲ್ಡ್ ನಾರ್ಮನ್ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಿಚಾರವನ್ನು ನಿತ್ಯಬಳಕೆಯ ಬಾಗಿಲು, ಒಲೆ, ಸ್ವಿಚ್ಚುಗಳಿಗೆ ಅನ್ವಯಿಸಿ, ತಳ್ಳಬೇಕೋ ಎಳೆಯಬೇಕೋ ಎಂದು ಬರೆದು ಅಂಟಿಸಬೇಕಾದ ಬಾಗಿಲು ವಿನ್ಯಾಸದ ಸೋಲು ಎಂಬ ನಿಲುವನ್ನು ಜನಪ್ರಿಯಗೊಳಿಸಿದರು. ಈ ಚರ್ಚೆಗಳು ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ, ವಾಸ್ತುಶಿಲ್ಪದ ಪದವಿಯಿಲ್ಲದ, ಹೆಚ್ಚಿನ ಶಾಲಾ ಶಿಕ್ಷಣವೂ ಇಲ್ಲದ ಕರಾವಳಿಯ ಅಡುಗೆಯವರು ಮದರಾಸಿನ ಬಾಡಿಗೆ ಕೋಣೆಗಳಲ್ಲಿ ಇಂಥ ಒಳಾಂಗಣವನ್ನು ಕಟ್ಟಿ ತೋರಿಸಿದ್ದರು. ಅದು ಒಬ್ಬರ ಕಲ್ಪನೆಯಿಂದ ಬಂದದ್ದಲ್ಲ. ದೇವಾಲಯದ ಪಂಕ್ತಿಯಿಂದ ಬಂದ ಕ್ರಮವೊಂದು, ನಗರದ ನೀರು, ನಗರದ ಅವಸರ ಮತ್ತು ಸಮಾನತೆಯ ಕಾನೂನು ಎಂಬ ಮೂರು ಒತ್ತಡಗಳಿಗೆ ಸಿಕ್ಕಿ ಬದಲಾಗುತ್ತ ಬಂದುದರ ಫಲ ಅದು.

ಕೀಲ್ಪಾಕಿನಲ್ಲಿ ಮೊದಲು ಇದ್ದದ್ದು ಬೇರೆಯೇ ಬಗೆಯ ಒಳಾಂಗಣ. ಹದಿನೆಂಟನೆಯ ಶತಮಾನದ ಕೊನೆಯಿಂದ ಸೇಂಟ್ ಜಾರ್ಜ್ ಕೋಟೆಯ ಇಕ್ಕಟ್ಟನ್ನು ಬಿಟ್ಟು ಹೊರಬಂದ ಕಂಪನಿಯ ಅಧಿಕಾರಿಗಳು ಮತ್ತು ವರ್ತಕರು ನಗರದ ಪಶ್ಚಿಮ, ದಕ್ಷಿಣಗಳಲ್ಲಿ ವಿಶಾಲವಾದ ತೋಟಗಳ ನಡುವೆ ಮನೆ ಕಟ್ಟಿಸಿಕೊಂಡರು. ಈ ತೋಟಮನೆಗಳೇ ಇಂದಿಗೂ ಕೀಲ್ಪಾಕ್ ಗಾರ್ಡನ್ ಎಂಬ ಬಡಾವಣೆಯ ಹೆಸರಿನಲ್ಲಿ ಉಳಿದಿವೆ. ಕಪ್ಪೆಚಿಪ್ಪು ಸುಟ್ಟು ತೆಗೆದ ಸುಣ್ಣದ ಗಾರೆಯನ್ನು ಪದರ ಪದರವಾಗಿ ಬಳಿದು ಅಮೃತಶಿಲೆಯಂತೆ ಹೊಳೆಯುವವರೆಗೆ ಉಜ್ಜುತ್ತಿದ್ದ ಮದರಾಸ್ ಚುನಾಮ್ ಗೋಡೆಗಳು, ತೇಗದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಿಂದ ಬಿಗಿದ ಮದರಾಸ್ ಟೆರೇಸ್ ಚಾವಣಿ, ಎತ್ತರದ ಕಂಬಗಳ ಜಗಲಿ, ಬಿಸಿಲಿಗೆ ಇಳಿಬಿಟ್ಟು ನೀರು ಚಿಮುಕಿಸುವ ಲಾವಂಚದ ತಟ್ಟಿ, ಇವು ಆ ಮನೆಗಳ ಗುರುತುಗಳು. ಗಾಳಿಗಾಗಿ ಪ್ರತಿ ಕೋಣೆಗೂ ಹಲವು ಬಾಗಿಲುಗಳಿದ್ದು, ನಡುವಣ ದೊಡ್ಡ ಹಜಾರಕ್ಕೆ ಎಲ್ಲವೂ ತೆರೆದುಕೊಳ್ಳುತ್ತಿದ್ದವು. ಅಡುಗೆಮನೆ ಮಾತ್ರ ಹಿತ್ತಲಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಬಚ್ಚಲಿಗೂ ಹೊರಗಿನಿಂದ ಆಳುಗಳು ಬರುವ ಪ್ರತ್ಯೇಕ ಬಾಗಿಲಿರುತ್ತಿತ್ತು. ದೊರೆಗಳು ನಡೆಯುವ ದಾರಿ ಒಂದು, ದುಡಿಯುವವರ ದಾರಿ ಇನ್ನೊಂದು ಎಂಬ ಈ ಒಡಕು ಯೋಜನೆಯಲ್ಲಿಯೇ ಸೇರಿತ್ತು, ಮತ್ತು ಆ ಮನೆಯ ಸಲೀಸು ಅದರ ಯಜಮಾನರಿಗಷ್ಟೇ ಸಲೀಸಾಗಿತ್ತು.

ಅದೇ ಕೀಲ್ಪಾಕಿನ ಲೋಕಾಕ್ಸ್ ಗಾರ್ಡನ್ ಎಂಬ ತೋಟದಲ್ಲಿ 1871ರಲ್ಲಿ ಸರ್ಕಾರ ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ನೆಲೆಗೊಳಿಸಿತು. 1794ರಲ್ಲಿ ವ್ಯಾಲೆಂಟೈನ್ ಕೊನೊಲಿ ಎಂಬ ವೈದ್ಯ ಆರಂಭಿಸಿದ್ದ ಸಣ್ಣ ಸಂಸ್ಥೆಯ ಮುಂದುವರಿಕೆಯಾದ ಇದು ಇಂದು ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಎಂದು ಪ್ರಸಿದ್ಧವಾಗಿದೆ. ಆ ಕಾಲದ ಇಂಥ ಆಸ್ಪತ್ರೆಗಳ ಒಳಾಂಗಣದಲ್ಲಿ ಬಾಗಿಲು, ಕಿಟಕಿ, ಅಂಗಳಗಳ ಜಾಗವನ್ನು ನಿರ್ಧರಿಸಿದ್ದು ಕಾವಲಿನವನ ಕಣ್ಣು, ಒಳಗಿರುವವನ ಹೆಜ್ಜೆಯಲ್ಲ. ಹೋಟೆಲಿನ ಗಲ್ಲಾದ ಹಿಂದೆ ಕುಳಿತ ಯಜಮಾನನ ಕಣ್ಣೂ ಕಾವಲಿನದೇ ಆದರೂ ಅದು ಒಳಬಂದವರನ್ನು ಹಿಡಿದಿಡುವುದಕ್ಕಾಗಿ ಇದ್ದುದಲ್ಲ, ಅವರು ತಡವಿಲ್ಲದೆ ಉಂಡು ತೃಪ್ತಿಯಿಂದ ಹೊರಹೋಗುವುದಕ್ಕಾಗಿ ಇದ್ದದ್ದು. ಒಂದೇ ನೋಟದ ರೇಖೆ ಎರಡು ಬೇರೆ ಉದ್ದೇಶಗಳಿಗೆ ದುಡಿದಾಗ ಎರಡು ಬೇರೆ ಕೋಣೆಗಳು ಹುಟ್ಟುತ್ತವೆ ಎಂಬುದಕ್ಕೆ ಈ ನೆರೆಹೊರೆ ಸಾಕ್ಷಿ.

ಉಡುಪಿ ಹೋಟೆಲಿನ ಮೂಲವನ್ನು ಹುಡುಕಬೇಕಾದದ್ದು ಉಡುಪಿಯ ರಥಬೀದಿಯಲ್ಲಿ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿ ಪೂಜೆಯನ್ನು ಎಂಟು ಮಠಗಳಿಗೆ ಒಪ್ಪಿಸಿದರು. ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಒಂದೊಂದು ಮಠಕ್ಕೂ ಎರಡು ವರ್ಷಗಳ ಸರದಿ ಬರುವಂತೆ ಪರ್ಯಾಯದ ಪದ್ಧತಿಯನ್ನು ಗೊತ್ತುಮಾಡಿದರು. ಪರ್ಯಾಯವೆಂದರೆ ಪೂಜೆಯ ಹಕ್ಕು ಮಾತ್ರವಲ್ಲ, ಎರಡು ವರ್ಷಗಳ ಕಾಲ ಬಂದವರಿಗೆಲ್ಲ ಅನ್ನವಿಕ್ಕುವ ಹೊಣೆಯೂ ಹೌದು. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂಬ ಪೂರ್ವಸಿದ್ಧತೆಯ ನಾಲ್ಕು ವಿಧಿಗಳೂ ಎಲೆ, ಧಾನ್ಯ, ಸೌದೆಗಳ ದಾಸ್ತಾನಿಗೇ ಸಂಬಂಧಿಸಿದವು. ಸೌದೆಯನ್ನು ರಥದ ಆಕಾರದಲ್ಲಿ ಒಟ್ಟಿ ನಿಲ್ಲಿಸಿದ ಕಟ್ಟಿಗೆ ರಥ ಅಲ್ಲಿ ಕಣ್ಣಿಗೆ ಬೀಳುತ್ತದೆ. ಸಾವಿರಾರು ಜನಕ್ಕೆ ದಿನವೂ ಒಂದೇ ಹೊತ್ತಿಗೆ ಬಡಿಸುವ ವ್ಯವಸ್ಥೆ ಶತಮಾನಗಳ ಅಭ್ಯಾಸದಿಂದ ಅಲ್ಲಿ ಹದಗೊಂಡಿತ್ತು.

ಆ ವ್ಯವಸ್ಥೆಯ ಜೀವಾಳ ಪಂಕ್ತಿ. ಎದುರುಬದುರಾಗಿ ಎರಡು ಸಾಲು ಜನ ನೆಲದ ಮೇಲೆ ಕುಳಿತರೆ ನಡುವೆ ಉಳಿಯುವ ಓಣಿಯಲ್ಲಿ ಬಡಿಸುವವನು ಬಗ್ಗಿ ಎರಡೂ ಕಡೆಗೆ ಬಡಿಸುತ್ತ ಮುಂದೆ ಸಾಗಬಹುದು, ಅವನ ಹಿಂದೆ ಮುಂದಿನ ಪದಾರ್ಥದವನು ಬರಬಹುದು. ಬಾಳೆಯೆಲೆಯ ತುದಿ ಉಣ್ಣುವವನ ಎಡಕ್ಕೆ ಬರಬೇಕು, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನಗಳಿಗೆ ಎಲೆಯ ಮೇಲೆ ಒಂದೊಂದು ನಿಗದಿಯಾದ ಜಾಗ ಎಂಬ ನಿಯಮಗಳಿಂದ ಬಡಿಸುವವನಿಗೆ ಎಲೆಯನ್ನು ನೋಡಿದ ಕೂಡಲೇ ಏನು ಬಂದಿದೆ, ಏನು ಬರಬೇಕಾಗಿದೆ ಎಂಬುದು ಕಾಣುತ್ತದೆ. ಎಲ್ಲರ ಊಟ ಮುಗಿಯುವವರೆಗೆ ಯಾರೂ ಏಳಬಾರದು ಎಂಬ ಕಟ್ಟಳೆಯಿಂದ ಕೋಣೆ ಒಂದೇ ಸಲ ತುಂಬಿ ಒಂದೇ ಸಲ ತೆರವಾಗುತ್ತದೆ. ಇಂದಿನ ವಿನ್ಯಾಸಕಾರ ಇದನ್ನು ಚಲನೆಯ ಯೋಜನೆ ಎಂದು ಕರೆದಾನು. ಅಲ್ಲಿನವರಿಗೆ ಅದು ಆಚಾರ. ಆದರೆ ಆಚಾರದ ಮತ್ತೊಂದು ಮುಖವನ್ನೂ ಇಲ್ಲಿಯೇ ಹೇಳಬೇಕು. ಮಡಿಯುಟ್ಟವರ ಹೊರತು ಉಳಿದವರಿಗೆ ಅಡುಗೆಮನೆ ಕಾಣಬಾರದ, ಹೋಗಬಾರದ ಸ್ಥಳವಾಗಿತ್ತು. ಯಾರು ಯಾವ ಪಂಕ್ತಿಯಲ್ಲಿ ಕೂರಬೇಕೆಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಪಂಕ್ತಿಭೇದವೆಂಬ ಈ ಪದ್ಧತಿಯ ವಿರುದ್ಧದ ಚಳವಳಿಗಳು ಉಡುಪಿಯಲ್ಲಿ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ನಡೆದವು. ಸಲೀಸಾದ ಕೋಣೆ ಎಂದಾಗ ಯಾರಿಗೆ ಸಲೀಸು ಎಂದು ಕೇಳದೆ ಮುಂದೆ ಹೋಗುವಂತಿಲ್ಲ.

ಕರಾವಳಿಯಿಂದ ಮದರಾಸಿಗೆ ಜನ ಹೋದದ್ದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ದಕ್ಷಿಣ ಕನ್ನಡ ಜಿಲ್ಲೆ 1799ರಿಂದ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತಾದ್ದರಿಂದ ಕೋರ್ಟು, ಕಾಲೇಜು, ಸರ್ಕಾರಿ ನೌಕರಿಗಳೆಲ್ಲದಕ್ಕೂ ಆ ಜಿಲ್ಲೆಯವರ ರಾಜಧಾನಿ ಬೆಂಗಳೂರಲ್ಲ, ಮದರಾಸು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಆ ದಾರಿ ಹತ್ತಿರವಾಯಿತು. 1923ರ ಮಹಾಪ್ರವಾಹ ಜಿಲ್ಲೆಯ ಹೊಲಮನೆಗಳನ್ನು ಕೊಚ್ಚಿದಾಗ ಗೇಣಿಯ ಬದುಕನ್ನೂ ದೇವಸ್ಥಾನದ ಚಾಕರಿಯನ್ನೂ ನಂಬಿದ್ದ ಅನೇಕ ಬಡ ಬ್ರಾಹ್ಮಣ ಕುಟುಂಬಗಳ ಹುಡುಗರು ಊರು ಬಿಟ್ಟರು. ಅವರ ಕೈಯಲ್ಲಿದ್ದ ಬಂಡವಾಳ ರುಬ್ಬುವ, ಬೇಯಿಸುವ, ಬಡಿಸುವ ವಿದ್ಯೆಯೊಂದೇ. ಅವರಲ್ಲಿ ಎಲ್ಲರಿಗಿಂತ ಹೆಸರಾದವರು ಕಡಂದಲೆಯ ಕೆ. ಕೃಷ್ಣರಾವ್. ಮಠದ ಚಾಕರಿಯಿಂದ ಬದುಕು ಆರಂಭಿಸಿ ಮದರಾಸಿಗೆ ಬಂದ ಅವರು 1920ರ ದಶಕದಲ್ಲಿ ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯಲ್ಲಿ ಸಣ್ಣ ಹೋಟೆಲೊಂದನ್ನು, ಆಮೇಲೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸಿದರು.

ನಗರದ ಬಾಡಿಗೆ ಅಂಗಡಿಯೊಳಗೆ ಪಂಕ್ತಿ ಕಾಲಿಟ್ಟಾಗ ಅದರಲ್ಲಿ ಆದ ಮೊದಲ ಬದಲಾವಣೆ ಕಾಲದ್ದು. ಮಠದಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಒಟ್ಟಿಗೆ ಏಳುತ್ತಾರೆ. ಹೋಟೆಲಿಗೆ ಬರುವ ಗುಮಾಸ್ತ, ವಕೀಲ, ವಿದ್ಯಾರ್ಥಿಗಳು ತಮ್ಮ ತಮ್ಮ ಹೊತ್ತಿಗೆ ಬರುತ್ತಾರೆ, ಅರ್ಧ ಗಂಟೆಯಲ್ಲಿ ಹೋಗಬೇಕೆನ್ನುತ್ತಾರೆ. ಹೀಗಾಗಿ ಉದ್ದನೆಯ ಸಾಲು ತುಂಡು ತುಂಡಾಗಿ ನಾಲ್ಕು ಜನ ಕೂರುವ ಅಮೃತಶಿಲೆಯ ಮೇಜುಗಳಾದವು. ನೆಲದ ಮೇಲಿನ ಎಲೆ ಮೇಜಿನ ಮೇಲೇರಿತು. ವಿಯೆನ್ನಾದ ಮಿಖಾಯೆಲ್ ಥೋನೆಟ್ 1859ರಲ್ಲಿ ರೂಪಿಸಿದ, ಮರವನ್ನು ಹಬೆಯಲ್ಲಿ ಬಾಗಿಸಿ ಮಾಡುವ, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಸಾಗಿಸಬಹುದಾದ ಕುರ್ಚಿಯ ಮಾದರಿಯವು ಮುಂಬಯಿಯ ಇರಾನಿ ಕೆಫೆಗಳಲ್ಲಿ ಹರಡಿದಂತೆಯೇ ದಕ್ಷಿಣದ ಕಾಫಿ ಹೋಟೆಲುಗಳಲ್ಲಿಯೂ ಕಾಣಿಸಿಕೊಂಡವು. ಹಗುರವಾದ, ಎಳೆದರೆ ಸರಿಯುವ, ಒರೆಸಿದರೆ ಒಣಗುವ ಆ ಕುರ್ಚಿ ಈ ಕಸುಬಿಗೆ ಹೇಳಿ ಮಾಡಿಸಿದ್ದಾಗಿತ್ತು. ಅಮೃತಶಿಲೆಗೆ ಬೆಲೆ ಹೆಚ್ಚೆಂದು ಕಂಡರೂ ಎಂಜಲು ಹೀರದ, ಎದುರಿಗೇ ಒರೆಸಿ ಶುದ್ಧವೆಂದು ತೋರಿಸಬಹುದಾದ ಮೇಲ್ಮೈ ಅದು. ಎಂಜಲಿನ ಭಯವೇ ಹೀಗೆ ಸಾಮಗ್ರಿಯ ಆಯ್ಕೆಯನ್ನು ನಡೆಸಿತು. ಕಾಫಿಯ ಲೋಟ ಮತ್ತು ಬಟ್ಟಲಿನ ಜೋಡಿಗೂ ಇದೇ ನ್ಯಾಯ: ಹೊರಚಾಚಿದ ಅಂಚಿನಿಂದಾಗಿ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬಹುದು, ಬಿಸಿಯಾದಾಗ ಆ ಅಂಚನ್ನೇ ಹಿಡಿಯಬಹುದು, ಬಟ್ಟಲಿಗೆ ಸುರಿದು ಆರಿಸಬಹುದು. ಬಳಸುವ ಬಗೆಯನ್ನು ವಸ್ತುವಿನ ಆಕಾರವೇ ಕಲಿಸುತ್ತದೆ.

ಗಲ್ಲಾದ ಜಾಗ ಈ ಒಳಾಂಗಣದ ಅತ್ಯಂತ ಜಾಣ ನಿರ್ಧಾರವೆನ್ನಬಹುದು. ಬೀದಿಯ ಬಾಗಿಲಿನ ಪಕ್ಕದಲ್ಲಿ, ಮೆಟ್ಟಿಲಿನಷ್ಟು ಎತ್ತರಿಸಿದ ಜಾಗದಲ್ಲಿ, ಕೃಷ್ಣನ ಪಟದ ಕೆಳಗೆ ಯಜಮಾನ ಕೂರುತ್ತಿದ್ದ. ಒಳಬರುವವನ ಕಣ್ಣಿಗೆ ಮೊದಲು ಬೀಳುವುದು ಆ ಮುಖ, ಹೊರಹೋಗುವವನು ಹಾದುಹೋಗಲೇಬೇಕಾದದ್ದೂ ಆ ಮೇಜನ್ನೇ. ಆದ್ದರಿಂದ ಹಣ ಎಲ್ಲಿ ಕೊಡಬೇಕೆಂಬ ಫಲಕ ಬೇಕಾಗಲಿಲ್ಲ. ಅಲ್ಲಿಂದ ಹಜಾರದ ಮೇಜುಗಳೆಲ್ಲವೂ ಅಡುಗೆಮನೆಯ ಬಾಗಿಲೂ ಒಂದೇ ನೋಟಕ್ಕೆ ಸಿಗುತ್ತಿದ್ದವು. ಯಾವ ಮೇಜಿನಲ್ಲಿ ಕೈ ಕಾಯುತ್ತಿದೆ, ಯಾವ ಮಾಣಿ ನಿಂತಿದ್ದಾನೆ ಎಂಬುದು ಯಜಮಾನನಿಗೆ ತಿಳಿಯುತ್ತಿತ್ತು. ಮಾಣಿಯೆಂದರೆ ಕರಾವಳಿಯ ಮಾತಿನಲ್ಲಿ ಹುಡುಗ. ಹೋಟೆಲಿನಲ್ಲಿ ಅದು ಬಡಿಸುವವನ ಹೆಸರಾಯಿತು. ಇದ್ದ ತಿಂಡಿಗಳನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸುವುದು, ನಾಲ್ಕು ಮೇಜಿನ ಬೇಡಿಕೆಯನ್ನು ನೆನಪಿನಲ್ಲಿಟ್ಟು ಅಡುಗೆಮನೆಯ ಬಾಗಿಲಿನಲ್ಲಿ ಕೂಗುವುದು, ಬಿಲ್ಲಿನ ಮೊತ್ತವನ್ನು ದೂರದಿಂದಲೇ ಗಲ್ಲಾಕ್ಕೆ ಸಾರುವುದು ಅವನ ವಿದ್ಯೆ. ಕೋಣೆಯ ಮೌನ ಸೂಚನೆಗಳಿಗೆ ಸಾಲದಾದುದನ್ನು ಅವನ ಧ್ವನಿ ತುಂಬುತ್ತಿತ್ತು. ಎಂಜಲು ಪಾತ್ರೆ ಎತ್ತುವ ಕ್ಲೀನರ್ ಹುಡುಗನ ದಾರಿ ಬೇರೆ, ಬಿಸಿ ತಿಂಡಿ ತರುವ ಮಾಣಿಯ ದಾರಿ ಬೇರೆ ಇರುವಂತೆ ಅಡುಗೆಮನೆಯ ಕಡೆಗೆ ಎರಡು ಬಾಗಿಲುಗಳನ್ನಿಟ್ಟ ಹೋಟೆಲುಗಳು ಶುದ್ಧಿಯ ನಿಯಮವನ್ನೂ ಡಿಕ್ಕಿಯ ಸಮಸ್ಯೆಯನ್ನೂ ಒಟ್ಟಿಗೇ ಬಗೆಹರಿಸಿಕೊಂಡವು. ಈ ಹುಡುಗರಲ್ಲಿ ಅನೇಕರು ರಾತ್ರಿ ಅದೇ ಮೇಜುಗಳ ನಡುವೆ ಮಲಗಿ ಬೆಳಗಿನ ಜಾವಕ್ಕೆ ಎದ್ದು ದುಡಿದವರು. ಗಿರಾಕಿಯ ಸುಖದ ಹಿಂದೆ ಅವರ ಬಾಲ್ಯ ಕರಗಿದೆ ಎಂಬುದನ್ನು ಈ ಕಸುಬಿನ ಚರಿತ್ರೆ ಮರೆಯಬಾರದು.

ಇಷ್ಟೆಲ್ಲವೂ ನಡೆಯಬೇಕಾದರೆ ನೀರು ಬೇಕು. ಇಲ್ಲಿ ಕೀಲ್ಪಾಕ್ ಮತ್ತೆ ನೇರವಾಗಿ ಪ್ರವೇಶಿಸುತ್ತದೆ. ಹದಿನೆಂಟನೆಯ ಶತಮಾನದಿಂದ ಜಾರ್ಜ್ ಟೌನಿನ ಏಳು ಬಾವಿಗಳು ಕೋಟೆಗೆ ನೀರೊದಗಿಸುತ್ತಿದ್ದವು. ಉಳಿದ ಜನ ತಮ್ಮ ತಮ್ಮ ಮನೆ, ಬೀದಿ, ದೇವಾಲಯಗಳ ಬಾವಿ ಕೊಳಗಳನ್ನು ನೆಚ್ಚಿದ್ದರು. ಇಂಜಿನಿಯರ್ ಫ್ರೇಸರ್ ಯೋಜನೆಯಂತೆ 1872ರಲ್ಲಿ ವಾಯವ್ಯದ ಪುಳಲ್ ಕೆರೆಯ ನೀರು, ಅಂದರೆ ರೆಡ್ ಹಿಲ್ಸಿನ ನೀರು, ತೆರೆದ ಕಾಲುವೆಯಲ್ಲಿ ಕೀಲ್ಪಾಕಿಗೆ ಹರಿದು ಬಂದು ಅಲ್ಲಿಂದ ಕೊಳವೆಗಳಲ್ಲಿ ನಗರಕ್ಕೆ ಹಂಚಿಕೆಯಾಯಿತು. ಆ ನೀರು ಸೋಸಿದ್ದಾಗಿರಲಿಲ್ಲ. 1914ರಲ್ಲಿ ಇಂಜಿನಿಯರ್ ಜೆ. ಡಬ್ಲ್ಯು. ಮ್ಯಾಡ್ಲಿ ಅವರ ಯೋಜನೆಯಲ್ಲಿ ಕೀಲ್ಪಾಕ್ ಜಲಾಗಾರ ಆರಂಭವಾದ ಮೇಲೆ, ಮರಳಿನ ದಪ್ಪ ಹಾಸುಗಳ ಮೂಲಕ ನಿಧಾನವಾಗಿ ಇಳಿದು ಶುದ್ಧವಾದ ನೀರು ಪಂಪುಗಳ ಬಲದಿಂದ ನಗರದ ನಲ್ಲಿಗಳನ್ನು ತಲುಪಿತು. ಹೋಟೆಲಿನ ಹಿಂಭಾಗದಲ್ಲಿ ಗೋಡೆಗುಂಟ ಜೋಡಿಸಿದ ನಲ್ಲಿಗಳ ಸಾಲು, ಅದರ ಕೆಳಗಿನ ಉದ್ದನೆಯ ತೊಟ್ಟಿ, ಮೇಲಿನ ಕನ್ನಡಿ, ಇವು ಸಾಧ್ಯವಾದದ್ದು ಈ ನೀರಿನಿಂದ.

ಅದಕ್ಕೆ ಮೊದಲು ಕೈ ತೊಳೆಯುವುದೆಂದರೆ ಹಿತ್ತಲಿಗೆ ಹೋಗಿ ಹಂಡೆಯಿಂದ ತಂಬಿಗೆಯಲ್ಲಿ ಮೊಗೆಯುವುದು, ಅಥವಾ ಯಾರಾದರೂ ನೀರು ಎರೆಯುವುದು. ಯಾರು ಯಾವ ಬಾವಿಯನ್ನು, ಯಾವ ತಂಬಿಗೆಯನ್ನು ಮುಟ್ಟಬಹುದು ಎಂಬ ಪ್ರಶ್ನೆ ಅದರ ಬೆನ್ನಿಗೇ ಇತ್ತು. ಹರಿಯುವ ನಲ್ಲಿಯ ಮುಂದೆ ಆ ಪ್ರಶ್ನೆಯ ಬಿಗಿ ಸಡಿಲಿತು, ಏಕೆಂದರೆ ನಲ್ಲಿಯ ನೀರು ಮೊಗೆದದ್ದಲ್ಲ, ಉಳಿದದ್ದೂ ಅಲ್ಲ. ಕೈಯೊರೆಸದೆ ಎದ್ದ ಗಿರಾಕಿ ಬಲಗೈಯನ್ನು ಎತ್ತಿ ಹಿಡಿದೇ ನಡೆಯಬೇಕಾದದ್ದರಿಂದ, ಕುಳಿತಲ್ಲಿಂದಲೇ ಕಾಣುವಂತೆ, ದಾರಿಯಲ್ಲಿ ಬಾಗಿಲು ತಳ್ಳುವ ಅಗತ್ಯವಿಲ್ಲದಂತೆ ಆ ಸಾಲನ್ನು ಇಡಲಾಗುತ್ತಿತ್ತು. ಎಡಗೈಗೆ ಸಿಗುವ ತಿರುಪು, ತೊಳೆದ ಮೇಲೆ ಗಲ್ಲಾದ ಕಡೆಗೆ ತಾನಾಗಿ ತಿರುಗಿಸುವ ಓಣಿ, ಇವುಗಳ ಬಗ್ಗೆ ಯಾವ ಕೈಪಿಡಿಯೂ ಇರಲಿಲ್ಲ. ಊಟದ ಅಭ್ಯಾಸವನ್ನು ಮೈಯಿಂದ ಬಲ್ಲವರು ಮಾಡಿದ ಏರ್ಪಾಡಾದ್ದರಿಂದ ಅದು ಮೈಗೆ ಒಗ್ಗಿತು. ಚಮಚೆಯಿಂದ ತಿನ್ನುವ ಸಮಾಜದ ವಿನ್ಯಾಸಕಾರನಿಗೆ ಈ ನಲ್ಲಿಯ ಸಾಲು ಹಜಾರದ ಅಂಗವೆಂದು ಹೊಳೆಯುವುದೇ ಕಷ್ಟ. ಅವನು ಅದನ್ನು ಶೌಚಾಲಯದೊಳಗೆ ಸೇರಿಸಿಬಿಡುತ್ತಾನೆ, ಇಂದಿನ ಅನೇಕ ಹೊಸ ರೆಸ್ಟೋರೆಂಟುಗಳಲ್ಲಿ ಆಗಿರುವ ತಪ್ಪು ಇದೇ.

ಕೋಣೆಯ ನಡುವೆ ಎದ್ದಿದ್ದ ಅಡ್ಡಗೋಡೆಗಳ ಕಥೆ ಇಷ್ಟು ಹಿತವಾದದ್ದಲ್ಲ. ಮದರಾಸಿನ ಅನೇಕ ಊಟದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗವಿರುತ್ತಿತ್ತು. ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ, ಇದ್ದರೂ ಬೇರೆ ಲೋಟ, ಹೊರಗಿನ ಜಗಲಿ. ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿದ್ದ ಇಂಥ ಪ್ರತ್ಯೇಕ ಊಟದ ಜಾಗಗಳು ಪೆರಿಯಾರ್ ಇ. ವೆ. ರಾಮಸ್ವಾಮಿಯವರ ಚಳವಳಿಯ ಒತ್ತಡದಿಂದ 1941ರಲ್ಲಿ ರದ್ದಾದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶದಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು ಹೆಸರಿಟ್ಟೇ ಹೇಳಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯ ಬಲ ಕೊಟ್ಟಿತು. ಹೋಟೆಲುಗಳ ಹೆಸರಿನೊಂದಿಗೆ ಬ್ರಾಹ್ಮಣ ಎಂಬ ಪದ ಫಲಕದಲ್ಲಿರುವುದನ್ನು ವಿರೋಧಿಸಿ ಪೆರಿಯಾರರ ದ್ರಾವಿಡರ್ ಕಳಗಂ 1957ರಲ್ಲಿ ಟ್ರಿಪ್ಲಿಕೇನಿನ ಮುರಳೀಸ್ ಕೆಫೆಯ ಮುಂದೆ ತಿಂಗಳುಗಟ್ಟಲೆ ಪಿಕೆಟಿಂಗ್ ನಡೆಸಿತು. ಕೀಲ್ಪಾಕನ್ನು ಮುಟ್ಟುವ ಪೂನಮಲ್ಲಿ ಹೈರೋಡಿಗೆ ಇಂದು ಪೆರಿಯಾರರದೇ ಹೆಸರಿದೆ. ಅಡ್ಡಗೋಡೆ ಬಿದ್ದ ಮೇಲೆ ಹಜಾರ ಒಂದಾಯಿತು, ಗಲ್ಲಾದ ನೋಟಕ್ಕೆ ಮೂಲೆಗಳು ಉಳಿಯಲಿಲ್ಲ, ಬಂದವರು ಖಾಲಿಯಿದ್ದ ಯಾವ ಕುರ್ಚಿಯಲ್ಲಾದರೂ ಕೂರಬಹುದಾಯಿತು. ಅಪರಿಚಿತರು ಒಂದೇ ಮೇಜನ್ನು ಹಂಚಿಕೊಳ್ಳುವ, ಇಂದು ತೀರ ಸಹಜವೆನಿಸುವ ರೂಢಿಯನ್ನು ದೊರಕಿಸಿದ್ದು ಚಳವಳಿ ಮತ್ತು ಶಾಸನ. ಯಾವ ವಿನ್ಯಾಸಕಾರನೂ ಈ ಕಸುಬಿನ ಒಳಾಂಗಣಕ್ಕೆ ಇದಕ್ಕಿಂತ ದೊಡ್ಡ ಸುಧಾರಣೆಯನ್ನು ತಂದಿಲ್ಲ. ಪರದೆ ಕಟ್ಟಿದ ಫ್ಯಾಮಿಲಿ ರೂಮುಗಳು ಇನ್ನೂ ಬಹುಕಾಲ ಉಳಿದವು. ಹೊರಗೆ ಉಣ್ಣುವ ಹೆಂಗಸಿನ ಮೇಲೆ ಬೀಳುವ ನೋಟವನ್ನು ಆ ಪರದೆ ತಡೆಯಿತು, ಅವಳನ್ನು ಹಜಾರದಿಂದಲೂ ದೂರವಿಟ್ಟಿತು.

ತೋಟಮನೆಯ ಒಳಾಂಗಣವೂ ಹೋಟೆಲಿನ ಒಳಾಂಗಣವೂ ಸಂಧಿಸಿದ್ದು ಕೃಷ್ಣರಾಯರ ವುಡ್‌ಲ್ಯಾಂಡ್ಸಿನಲ್ಲಿ. ರಾಯಪೇಟೆಯಲ್ಲಿ ರಾಮನಾಡಿನ ರಾಜಮನೆತನಕ್ಕೆ ಸೇರಿದ್ದ ಆ ಹೆಸರಿನ ಬಂಗಲೆಯನ್ನು ಗುತ್ತಿಗೆಗೆ ಪಡೆದು 1938ರಲ್ಲಿ ಅವರು ವಸತಿಯುಳ್ಳ ಸಸ್ಯಾಹಾರಿ ಹೋಟೆಲನ್ನು ತೆರೆದರು. ದೊರೆಗಳ ಹಜಾರ ಎಲ್ಲರ ಊಟದ ಹಜಾರವಾಯಿತು. ಆಳುಗಳ ಹಿತ್ತಲ ಅಡುಗೆಮನೆ ಈ ಸಂಸ್ಥೆಯ ಹೃದಯವಾಯಿತು. ಮುಂದೆ ಎಡ್ವರ್ಡ್ ಎಲಿಯಟ್ಸ್ ರೋಡಿನಲ್ಲಿ ನ್ಯೂ ವುಡ್‌ಲ್ಯಾಂಡ್ಸ್, 1962ರಲ್ಲಿ ಕೆಥೆಡ್ರಲ್ ರೋಡಿನ ತೋಟಗಾರಿಕೆ ಸಂಘದ ಜಾಗದಲ್ಲಿ ಕಾರಿನೊಳಗೇ ಕುಳಿತು ತಿನ್ನಬಹುದಾದ ಡ್ರೈವ್-ಇನ್ ಬಂದವು. ಈ ಕೊನೆಯದು 2008ರಲ್ಲಿ ಮುಚ್ಚಿತು.

ಸೀತಾರಾಮ ರಾಯರ ದಾಸಪ್ರಕಾಶ ಇನ್ನೊಂದು ಹಾದಿ ಹಿಡಿಯಿತು. ಹಳೆಯ ಬಂಗಲೆಗೆ ಹೊಂದಿಕೊಳ್ಳುವ ಬದಲು, ಕೀಲ್ಪಾಕಿಗೆ ಹೋಗುವ ಪೂನಮಲ್ಲಿ ಹೈರೋಡಿನಲ್ಲಿ, ಸೆಂಟ್ರಲ್ ಮತ್ತು ಎಗ್ಮೋರ್ ನಿಲ್ದಾಣಗಳಲ್ಲಿ ಇಳಿದ ಪ್ರಯಾಣಿಕನಿಗೆ ಹತ್ತಿರವಾಗುವಂತೆ, 1950ರ ದಶಕದಲ್ಲಿ ಅದು ಹೋಟೆಲೆಂದೇ ಕಟ್ಟಿದ ಹೊಸ ಕಟ್ಟಡವಾಗಿ ಮೇಲೆದ್ದಿತು. ಅದರ ಶೈಲಿ ಆರ್ಟ್ ಡೆಕೊ: ದುಂಡಗೆ ತಿರುಗುವ ಮೂಲೆಗಳು, ಮಹಡಿಯುದ್ದಕ್ಕೂ ಹರಿಯುವ ಅಡ್ಡಪಟ್ಟಿಗಳು, ಕಂಬವಿಲ್ಲದೆ ಮುಂಚಾಚಿದ ಬಿಸಿಲುತಡೆಗಳು. 1930ರ ದಶಕದಿಂದ ಮದರಾಸಿನ ಬ್ಯಾಂಕು, ಚಿತ್ರಮಂದಿರ, ಮನೆಗಳಲ್ಲಿ ಹಬ್ಬಿದ್ದ ಈ ಶೈಲಿಯನ್ನು ಅಲಂಕಾರದ ಚಪಲವೆಂದು ತಳ್ಳಿಹಾಕುವವರಿದ್ದಾರೆ. ಆ ಮಾತು ಸರಿಯಲ್ಲ. ದುಂಡು ಮೂಲೆ ನಡೆಯುವವನನ್ನು ತಡೆಯದೆ ತಿರುಗಿಸುತ್ತದೆ, ಅಡ್ಡಪಟ್ಟಿ ಕಣ್ಣನ್ನು ಪ್ರವೇಶದ್ವಾರದ ಕಡೆಗೆ ಒಯ್ಯುತ್ತದೆ, ಮುಂಚಾಚು ಮಳೆಬಿಸಿಲಿನಲ್ಲಿ ಬಂದವನಿಗೆ ಎಲ್ಲಿ ನಿಲ್ಲಬಹುದೆಂದು ತೋರಿಸುತ್ತದೆ. ಪಂಕ್ತಿಯ ಓಣಿ ಬಡಿಸುವವನಿಗೆ ಮಾಡಿದ ಉಪಕಾರವನ್ನು ಈ ಕಟ್ಟಡಗಳ ಓಣಿ ಮತ್ತು ಮೆಟ್ಟಿಲುಗಳು ಅತಿಥಿಗೆ ಮಾಡಿದವು. ದಾಸಪ್ರಕಾಶದ ಊಟ, ಐಸ್‌ಕ್ರೀಮುಗಳಂತೆಯೇ ಅದರ ಕಟ್ಟಡವೂ ಊರಿನ ಗುರುತಾಗಿ, ಅದರ ಹೆಸರು ಬಸ್ ನಿಲ್ದಾಣಕ್ಕೆ ಅಂಟಿಕೊಂಡಿತು. ಆ ಕಟ್ಟಡ ಈಗಿಲ್ಲ.

ಅಡುಗೆಮನೆಯ ಬಾಗಿಲು ಪೂರ್ತಿಯಾಗಿ ತೆರೆದದ್ದು ಬೆಂಗಳೂರಿನಲ್ಲಿ. 1924ರಲ್ಲಿ ಆರಂಭವಾಗಿದ್ದ ಮಾವಳ್ಳಿ ಟಿಫಿನ್ ರೂಮ್ಸಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಪ್ರವಾಸ ಮಾಡಿ, ಅಲ್ಲಿನ ಉಪಾಹಾರ ಗೃಹಗಳ ಶುಚಿತ್ವವನ್ನು ಕಂಡು ಬಂದು, ಪಾತ್ರೆಗಳನ್ನು ಹಬೆಯಿಂದ ತೊಳೆಯುವ ಪದ್ಧತಿಯನ್ನು ತಂದರು; ಗಿರಾಕಿಗಳು ಅಡುಗೆಮನೆಯನ್ನು ಹಾದು ಊಟದ ಕೋಣೆಗೆ ಹೋಗುವಂತಾಯಿತು. ಯಾರ ದೃಷ್ಟಿಯೂ ಬೀಳಬಾರದೆಂದು ಮುಚ್ಚಿದ್ದ ಒಲೆಯ ಮನೆ, ಎಲ್ಲರೂ ನೋಡಲೆಂದು ತೆರೆದ ಒಲೆ ಮನೆಯಾದದ್ದು ಈ ಕಸುಬಿನ ಒಳಗೇ ನಡೆದ ದೊಡ್ಡ ತಿರುವು. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿ ಕುರ್ಚಿಯನ್ನೂ ಮಾಣಿಯನ್ನೂ ಕೈಬಿಟ್ಟಿತು. ಮೊದಲು ಗಲ್ಲಾ, ಆಮೇಲೆ ತಿಂಡಿಯ ಕಟ್ಟೆ, ಆಮೇಲೆ ಎದೆಮಟ್ಟದ ಸ್ಟೀಲ್ ಮೇಜು, ಕೊನೆಗೆ ನಲ್ಲಿ: ಚೀಟಿ ಹಿಡಿದವನ ಹೆಜ್ಜೆಗಳು ಒಂದೇ ದಿಕ್ಕಿನಲ್ಲಿ ಸಾಗುವಂತೆ ಅದರ ಜೋಡಣೆಯಿತ್ತು. ವಿಯೆನ್ನಾದ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟಿನ ಕಾರ್ಮಿಕ ವಸತಿಗಳಿಗೆಂದು, ರೈಲಿನ ಊಟದ ಬೋಗಿಯ ಅಡುಗೆಮನೆಯನ್ನು ಗಮನಿಸಿ, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆಯನ್ನು ರೂಪಿಸಿದಾಗ ಗೃಹಿಣಿಯ ಹೆಜ್ಜೆಗಳನ್ನು ಎಣಿಸಿ ಉಳಿಸಲು ನೋಡಿದ್ದರು. ಹೆಜ್ಜೆ ಉಳಿಯಿತು, ಆದರೆ ಒಬ್ಬಳಿಗೆಂದೇ ಅಳೆದ ಆ ಕೋಣೆಯಲ್ಲಿ ಅವಳು ಒಂಟಿಯಾದಳು ಎಂಬ ಟೀಕೆಯೂ ಆಮೇಲೆ ಬಂತು. ದರ್ಶಿನಿಯೂ ಹಾಗೆಯೇ ಎಳೆಯ ಕಾಲುಗಳಿಗೆ ಸಲೀಸಾದದ್ದು. ಮುದುಕರಿಗೆ, ಮಗುವನ್ನೆತ್ತಿಕೊಂಡವರಿಗೆ, ಗಾಲಿಕುರ್ಚಿಯಲ್ಲಿ ಬಂದವರಿಗೆ ಆ ಎದೆಮಟ್ಟದ ಮೇಜು ಒದಗುವುದಿಲ್ಲ. ಅದನ್ನು ಸರಿಪಡಿಸಲು ಕೆಲವು ಕಡೆ ಮೂಲೆಯಲ್ಲಿ ತಗ್ಗಿನ ಮೇಜುಗಳನ್ನು ಇಡುವುದು ಈಚೆಗೆ ಶುರುವಾಗಿದೆ, ಅದು ಎಲ್ಲ ಕಡೆಗೂ ಬರಬೇಕು.

ಕಟ್ಟಡಗಳು ಉರುಳಿದಂತೆ ಈ ಒಳಾಂಗಣಗಳ ಸಾಕ್ಷ್ಯವೂ ಹೋಗುತ್ತಿದೆ. ದೇವಾಲಯ, ಅರಮನೆ, ಕೋಟೆಗಳಿಗೆ ಅಳತೆಯ ನಕ್ಷೆಗಳಿವೆ. ಗಲ್ಲಾದಿಂದ ಅಡುಗೆಮನೆಗೆ ಎಷ್ಟು ಅಡಿ, ಮೇಜುಗಳ ನಡುವಣ ಓಣಿ ಎಷ್ಟು ಅಗಲ, ನಲ್ಲಿಯ ತೊಟ್ಟಿ ಎಷ್ಟು ಎತ್ತರ ಎಂಬ ಲೆಕ್ಕವನ್ನು ಹಳೆಯ ಹೋಟೆಲುಗಳ ಮಟ್ಟಿಗೆ ಬರೆದಿಡಬೇಕೆಂಬ ಎಚ್ಚರ ಇನ್ನೂ ಮೂಡಬೇಕಾಗಿದೆ. ಮಣಿಪಾಲದಲ್ಲಿ ವಾಸ್ತುಶಿಲ್ಪದ ಕಾಲೇಜಿದೆ, ಚೆನ್ನೈಯಲ್ಲಿ ಅಣ್ಣಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಶಾಲೆಯಿದೆ. ಉಡುಪಿ, ಮೈಸೂರು, ಬೆಂಗಳೂರು, ಚೆನ್ನೈಗಳಲ್ಲಿ ಇನ್ನೂ ಉಳಿದಿರುವ ಹಳೆಯ ಹಜಾರಗಳಿಗೆ ಅವುಗಳ ವಿದ್ಯಾರ್ಥಿಗಳು ಅಳತೆಪಟ್ಟಿ ಹಿಡಿದು ಹೋಗಬೇಕು, ಅಲ್ಲಿ ದುಡಿದ ಮಾಣಿಗಳಿಂದ, ಭಟ್ಟರಿಂದ, ಕ್ಲೀನರುಗಳಿಂದ ಅವರು ನಡೆದ ದಾರಿಯನ್ನು ಕೇಳಿ ನಕ್ಷೆಯ ಮೇಲೆ ಗುರುತಿಸಬೇಕು, ಮತ್ತು ಈ ಕೆಲಸ ಅವರಲ್ಲಿ ಹಿರಿಯರು ಬದುಕಿರುವಾಗಲೇ ಆಗಬೇಕು.